ಯಾರೂ ಉಣ್ಣದ ಕಾಗದ

ಬಸಲಿಂಗಮ್ಮನಿಗೆ ತನ್ನ ಓಣಿಯ ಹದಿನೇಳು ಮನೆಗಳ ಒಲೆಯ ಮೇಲೆ ಇವತ್ತು ಏನು ಬೇಯುತ್ತಿದೆ ಎಂದು ಗೊತ್ತಿರುತ್ತಿತ್ತು. ಯಾರನ್ನೂ ಕೇಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಮೂಗು ಸ್ವಲ್ಪ ಮೇಲೆತ್ತಿದರೆ ಸಾಕು, ಮೂಲೆಮನೆಯಲ್ಲಿ ಬೇಳೆ ತಳ ಹಿಡಿದದ್ದು, ಎದುರುಮನೆಗೆ ನೆಂಟರು ಬಂದು ಹೂರಣ ರುಬ್ಬುತ್ತಿರುವುದು, ಎಲ್ಲ ತಿಳಿದುಬಿಡುತ್ತಿತ್ತು. ಆದೋನಿಯ ಜಿನ್ನಿಂಗ್ ಕಾರ್ಖಾನೆಗಳಿಂದ ಹತ್ತಿಯ ಎಳೆ ಹಾರಿ ಬಂದು ಊರೆಲ್ಲ ಸೀನುವ ದಿನಗಳಲ್ಲೂ ಆ ಮೂಗಿಗೆ ಏನೂ ಆಗುತ್ತಿರಲಿಲ್ಲ.

ಅಂಥವಳಿಗೆ ನಾಲ್ಕು ತಿಂಗಳಿಂದ ಒಂದೇ ಒಂದು ಸಂಗತಿ ಗೊತ್ತಾಗದೆ ತಲೆ ಕೆಟ್ಟುಹೋಗಿತ್ತು. ಅಹಮದಾಬಾದಿನಲ್ಲಿರುವ ತನ್ನ ಬಸುರಿ ಮಗಳಿಗೆ ಏನು ತಿನ್ನಬೇಕು ಅನಿಸುತ್ತಿದೆ?

ಮಗಳು ಮಹಾಂತಮ್ಮ, ಮನೆಯಲ್ಲಿ ಎಲ್ಲರಿಗೂ ಮಾಂತಿ. ಅವಳ ಗಂಡನಿಗೆ ಅಹಮದಾಬಾದಿನ ಮಿಲ್ಲೊಂದರಲ್ಲಿ ಹತ್ತಿಯ ತರ ನೋಡಿ ಬೇರ್ಪಡಿಸುವ ಕೆಲಸ. ಮೂರು ದಿನ ರೈಲಿನಲ್ಲಿ ಕುಲುಕಾಡಿಕೊಂಡು ತವರಿಗೆ ಹೋಗುವುದು ಬೇಡ ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದ್ದರಿಂದ ಏಳನೇ ತಿಂಗಳ ಕುಬಸ, ಅಂದರೆ ಸೀಮಂತ, ಅಲ್ಲೇ, ಹೆರಿಗೆಯೂ ಅಲ್ಲೇ ಎಂದಾಗಿತ್ತು. ಬಸಲಿಂಗಮ್ಮ ತಾನೇ ಹೋಗೋಣವೆಂದರೆ ಹಾಸಿಗೆ ಹಿಡಿದ ಅತ್ತೆಯನ್ನು ಹೊತ್ತಿಗೊಮ್ಮೆ ಮಗ್ಗುಲು ಹೊರಳಿಸುವವರು ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಪುಣ್ಯಕ್ಕೆ ಗಂಡ ಗಾದಿಲಿಂಗಪ್ಪನ ಚಿಕ್ಕಪ್ಪನ ಮಗ ಏಕಾಂತಪ್ಪ ಹತ್ತಿ ದಲಾಲಿ. ಪ್ರತಿ ಫಾಲ್ಗುಣದಲ್ಲಿ ಹತ್ತಿಯ ನಮೂನೆ ಕಟ್ಟಿಕೊಂಡು ಅಹಮದಾಬಾದಿಗೆ ಹೋಗುತ್ತಿದ್ದ. ಈ ಸಲ ಅವನ ಕೈಯಲ್ಲೇ ಕುಬಸದ ಗಂಟು ಕಳಿಸುವುದು ಎಂದು ತೀರ್ಮಾನವಾಯಿತು. ಹಸಿರು ಸೀರೆ ಆಯಿತು, ರವಿಕೆಯ ಕಣ ಆಯಿತು, ಹತ್ತಿಯಲ್ಲಿ ಸುತ್ತಿದ ಎರಡು ಡಜನ್ ಹಸಿರು ಬಳೆ ಆಯಿತು. ಉಳಿದದ್ದು ಬಯಕೆಯ ತಿನಿಸು. ಕುಬಸದ ದಿನ ತವರಿನಿಂದ ಬಂದ ಆ ತಿನಿಸನ್ನು ಎಲೆಗೆ ಮೊದಲು ಬಡಿಸಬೇಕು. ಬಸುರಿ ತಾನಾಗಿ ಬಾಯಿಬಿಟ್ಟು ಕೇಳುವಂತಿಲ್ಲ, ತವರಿನವರೇ ತಿಳಿದು ಕೊಡಬೇಕು. ಅದು ರೂಢಿ.

ತಿಳಿಯುವುದು ಹೇಗೆ? ಎದುರಿಗಿದ್ದರೆ ಮುಖ ನೋಡಿಯೇ ಹೇಳಬಹುದಿತ್ತು.

ಬಯಕೆ ತೀರದಿದ್ದರೆ ಹುಟ್ಟಿದ ಕೂಸಿನ ಕಿವಿ ಸೋರುತ್ತದೆ ಎನ್ನುವುದು ಬಸಲಿಂಗಮ್ಮನಿಗೆ ಯಾರೋ ಹೇಳಿದ ಮಾತಲ್ಲ, ತಾನೇ ಒರೆಸಿ ಒರೆಸಿ ಕಂಡ ಮಾತು. ಮಾಂತಿ ಹೊಟ್ಟೆಯಲ್ಲಿದ್ದಾಗ ಆಕೆಗೆ ಸುಟ್ಟ ಹಸಿಕಡಲೆಕಾಯಿ ಬೇಕಾಗಿತ್ತು. ಹೊಲದಲ್ಲಿ ಗಿಡ ತುಂಬಿ ನಿಂತಿತ್ತು. ಅತ್ತೆ ಕೇಳಲಿಲ್ಲ, ಈಕೆ ಹೇಳಲಿಲ್ಲ. ಮಾಂತಿಯ ಎಡಗಿವಿ ನಾಲ್ಕು ವರ್ಷ ಸೋರಿತು. ಮೊಮ್ಮಗುವಿನ ಕಿವಿ ಸೋರಕೂಡದು ಎಂದು ಆಕೆ ಹಟ ಹಿಡಿದಿದ್ದಳು, ಆ ಹಟಕ್ಕೆ ಒಂದು ಉಪಾಯವನ್ನೂ ಹುಡುಕಿದ್ದಳು.

ಉಪಾಯ ಇಷ್ಟೇ. ಕಾಗದದಲ್ಲಿ ಮನೆಯ ಸುದ್ದಿಯನ್ನೆಲ್ಲ ಬರೆಸುವುದು. ಯಾವ ದಿನ ಏನು ಮಾಡಿದೆವು, ಯಾರು ಎಷ್ಟು ಉಂಡರು, ಯಾರ ಮನೆಯಿಂದ ಏನು ಬಂತು, ಒಂದೂ ಬಿಡದೆ. ಮಗಳು ತಿರುಗಿ ಯಾವುದನ್ನು ಕೆದಕಿ ಕೇಳುತ್ತಾಳೋ ಅದೇ ಅವಳ ಬಯಕೆ. ಮೀನಿಗೆ ಗಾಳ ಹಾಕಿ ಕೂತಂತೆ.

ಗಂಡನ ಕೈಯಲ್ಲಿ ಬರೆಸಿದರೆ ಕಾಗದ ತಂತಿಯಾಗಿಬಿಡುತ್ತಿತ್ತು. "ಎಲ್ಲಾ ಕ್ಷೇಮ. ಮಳೆ ಇಲ್ಲ," ಅಷ್ಟು ಬರೆದು ಗಾದಿಲಿಂಗಪ್ಪ ಸಹಿ ಹಾಕುವವನು. ಆಂಧ್ರ ರಾಜ್ಯವಾದ ಮೇಲೆ ಓಣಿಯ ಮಕ್ಕಳೆಲ್ಲ ತೆಲುಗು ಬರೆಯುತ್ತಿದ್ದವು. ಹಾಗಾಗಿ ಕನ್ನಡದಲ್ಲಿ ಉದ್ದನೆಯ ಕಾಗದ ಬರೆಯಬಲ್ಲವರು ಓಣಿಯಲ್ಲಿ ಉಳಿದದ್ದು ಗುರುಪಾದಯ್ಯನವರೊಬ್ಬರೇ. ಜಂಗಮರು, ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಮಾಂತಿಗೆ ಅಕ್ಷರ ತಿದ್ದಿಸಿದವರು. ಪ್ರತಿ ಸೋಮವಾರ ಪೂಜೆ ಮುಗಿಸಿ ಬಸಲಿಂಗಮ್ಮನ ಮನೆಯ ಕಟ್ಟೆಗೆ ಬಂದು ಕನ್ನಡಕ ಒರೆಸಿ ಕೂರುತ್ತಿದ್ದರು.

"ಬರೀರಿ ಅಯ್ಯಾರ," ಎಂದು ಬಸಲಿಂಗಮ್ಮ ಶುರು ಮಾಡುತ್ತಿದ್ದಳು. "ಅಮಾಸಿ ದಿನ ಕಡಬು ಮಾಡಿದ್ವಿ. ಹೂರಣಕ್ಕ ಬೆಲ್ಲ ಚೂರು ಜಾಸ್ತಿ ಬಿತ್ತು. ನಿಮ್ಮಪ್ಪ ಬೈದೂ ಬೈದ, ತಿಂದೂ ತಿಂದ, ಐದು. ಆಯಿಗೆ ಇನ್ನೊಂದು ಹಲ್ಲು ಬಿತ್ತು, ಆದ್ರೂ ಅಲಸಂದಿ ವಡಿ ಬೇಕು ಅಂತ ಕುಂತಾಳ. ನೀರಾಗ ನೆನಸಿ ಕೊಟ್ಟೆ. ಎಮ್ಮಿ ಗಂಡು ಕರ ಹಾಕೈತಿ, ಗಿಣ್ಣ ಕಾಸಿ ಓಣಿಗೆಲ್ಲಾ ಹಂಚಿದೆ. ಬರದ್ರೇನು?"

"ಬರದೆ, ಬರದೆ. ಮುಂದ ಹೇಳು ತಾಯಿ."

ಅಯ್ಯನವರ ಪೆನ್ನು ಸರಸರ ಓಡುತ್ತಿತ್ತು. ಓದಲು ಬಾರದ ಬಸಲಿಂಗಮ್ಮನಿಗೆ ಆ ನೀಲಿ ಸಾಲುಗಳನ್ನು ನೋಡುವುದೇ ಒಂದು ಸುಖ. ಇದು ಕಡಬು ಇರಬೇಕು, ಇದು ಗಿಣ್ಣ ಇರಬೇಕು ಎಂದು ದೂರದಿಂದಲೇ ಅಂದಾಜು ಹಾಕುತ್ತಿದ್ದಳು.

ಉತ್ತರ ಮಾತ್ರ ವಿಚಿತ್ರವಾಗಿ ಬರುತ್ತಿತ್ತು. ಮಾಂತಿ ಆಯಿಯ, ಅಂದರೆ ಅಜ್ಜಿಯ, ಹಲ್ಲು ಕೇಳುತ್ತಿದ್ದಳು. ಎಮ್ಮೆಯ ಕರು ಕೇಳುತ್ತಿದ್ದಳು. ಕಡಬಿನ ಬಗ್ಗೆ ಚಕಾರವಿಲ್ಲ, ಗಿಣ್ಣದ ಬಗ್ಗೆ ಚಕಾರವಿಲ್ಲ. ಬಸಲಿಂಗಮ್ಮ ಗಾಳಕ್ಕೆ ಇನ್ನಷ್ಟು ಸಿಕ್ಕಿಸಿದಳು. ಹುರುಳಿಕಟ್ಟು, ಗುರೆಳ್ಳು ಚಟ್ನಿ, ಸಜ್ಜೆ ರೊಟ್ಟಿ ಬೆಣ್ಣೆ, ಹುಣಸೆಕಾಯಿ ತೊಕ್ಕು, ಬದನೆಕಾಯಿ ಎಣಗಾಯಿ. ಮಗಳು ತಿರುಗಿ ಕೇಳಿದ್ದು ಬಾವಿಯ ಗಡಗಡೆ ರಿಪೇರಿ ಆಯಿತೇ ಎಂದು.

"ಗಡಗಡಿ ಅಂದ್ರ ಆಕಿಗೆ ನೀರಡಿಕಿ ಇರಬೌದೇನು?" ಎಂದು ಬಸಲಿಂಗಮ್ಮ ಗಂಡನನ್ನು ಕೇಳಿದಳು.

"ಗಡಗಡಿ ತಿಂತಾಳಂತ ತಿಳಕೊಂಡಿಯೇನು ಮತ್ತ," ಎಂದು ಗಾದಿಲಿಂಗಪ್ಪ ರುಮಾಲು ಸುತ್ತಿಕೊಂಡು ಮಂಡಿಗೆ ಹೋದ.

ಏಕಾಂತಪ್ಪ ಹೊರಡಲು ಹದಿಮೂರು ದಿನ ಉಳಿದಿದ್ದಾಗ ಮಾಂತಿಯ ಇನ್ನೊಂದು ಕಾಗದ ಬಂತು. ಗುರುಪಾದಯ್ಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದರು. ಕ್ಷೇಮ ಸಮಾಚಾರ, ಅಲ್ಲಿಯ ಬಿಸಿಲು, ಅಲ್ಲಿಯವರು ಬೇಳೆಗೂ ಬೆಲ್ಲ ಹಾಕುವುದು, ಎಲ್ಲ ಆದ ಮೇಲೆ ಕೊನೆಯಲ್ಲಿ ಹೀಗಿತ್ತು: "ಅವ್ವಾ, ನಿಜ ಹೇಳು, ಊರಾಗ ಬರ ಬಿದ್ದೈತೇನು? ನಾಲ್ಕು ತಿಂಗಳಿಂದ ನಿನ್ನ ಕಾಗದದಾಗ ಯಾರೂ ಏನೂ ಉಂಡಿಲ್ಲ. ಹಬ್ಬ ಆಗತಾವ, ಯಾರೂ ಉಣ್ಣಂಗಿಲ್ಲ. ನೆಂಟರು ಬರ್ತಾರ, ಉಣದಂಗ ಹೋಗ್ತಾರ. ನನಗ ಹೆದರಿಕಿ ಆಗೈತಿ. ಅಪ್ಪನ ಮಂಡಿ ವ್ಯಾಪಾರ ಸರಿ ಐತಿಲ್ಲೋ?"

ಓದುತ್ತ ಓದುತ್ತ ಅಯ್ಯನವರ ದನಿ ಸಣ್ಣದಾಯಿತು. ಬಸಲಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯ ತುದಿಗೆ ಸರಿದಳು.

"ಅಯ್ಯಾರ, ಕಡಬು ಬರದಿದ್ರಿಲ್ಲ?"

"ಅಮಾವಾಸ್ಯೆ ಸುಸೂತ್ರವಾಗಿ ಜರುಗಿತು ಅಂತ ಬರದೀನಿ."

"ಕಡಬು?"

"ಬರದಿಲ್ಲ."

"ಗಿಣ್ಣ?"

"ಎಮ್ಮಿ ಸುಖವಾಗಿ ಕರು ಹಾಕಿತು ಅಂತ ಬರದೀನಿ. ಗಿಣ್ಣ ಬರದಿಲ್ಲ."

"ಎಣಗಾಯಿ, ಹುರುಳಿಕಟ್ಟು?"

"ಬಾಯಿಗೆ ಸಂಬಂಧಪಟ್ಟದ್ದು ಒಂದೂ ಬರದಿಲ್ಲ ತಾಯಿ."

"ಅತ್ತಿ ಹಲ್ಲು ಬರದೀರಲ್ಲ, ಅದು ಬಾಯಿ ಅಲ್ಲೇನು?"

"ಹಲ್ಲು ತಿನ್ನೂ ಪದಾರ್ಥ ಅಲ್ಲ," ಎಂದರು ಗುರುಪಾದಯ್ಯ ಗಂಭೀರವಾಗಿ. ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದರು. "ನೋಡು ಬಸಲಿಂಗವ್ವ. ಬಸುರಿ ಹೆಂಗಸಿನ ಮುಂದ ಆಕಿಗೆ ಸಿಗಲಾರದ್ದರ ಹೆಸರು ಎತ್ತಬಾರದು. ಸಾವಿರ ಮೈಲಿ ದೂರ ಕುಂತ ಹುಡುಗಿಗೆ ಗಿಣ್ಣ ಅಂದ್ರ ಆಕಿ ಬಾಯಾಗ ನೀರು ಬರತೈತಿ. ಗಿಣ್ಣ ಸಿಗಂಗಿಲ್ಲ. ಕೂಸಿನ ಕಿವಿ ಸೋರತೈತಿ. ಪಾಪ ಯಾರಿಗೆ? ಹೇಳಿದಾಕಿಗೆ ಅರ್ಧ, ಬರದಾವಗ ಅರ್ಧ. ನೀ ತಾಯಿ, ಪ್ರೀತಿಲೆ ಬಾಯಿ ಬಿಡ್ತಿ. ನಾ ಮಾಸ್ತರ, ತಿದ್ದೀನಿ."

ಬಸಲಿಂಗಮ್ಮನಿಗೆ ಒಂದು ಕ್ಷಣ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಇಬ್ಬರೂ ಒಂದೇ ಕಿವಿಗೆ ಹೆದರಿ, ಒಬ್ಬರು ಗಾಳ ಹಾಕುತ್ತ, ಒಬ್ಬರು ಗಾಳದ ತುದಿಯ ಎರೆ ಕಿತ್ತು ಬಿಸಾಡುತ್ತ ನಾಲ್ಕು ತಿಂಗಳು ಕಳೆದಿದ್ದರು.

"ಬಾಯಾಗ ನೀರು ಬರ್ಲಿ ಅಂತನ ನಾ ಹೇಳಿದ್ದು ಅಯ್ಯಾರ. ಯಾವುದಕ್ಕ ಬರತೈತಿ ಅಂತ ನನಗ ತಿಳೀಬೇಕಲ್ಲ. ತಿಳದ್ರ ಏಕಾಂತಪ್ಪನ ಕೈಯಾಗ ಕಳಸ್ತೀನಿ. ಕಳಿಸಿದ್ರ ಕಿವಿ ಸೋರಂಗಿಲ್ಲ. ಈಗ ಹದಿಮೂರು ದಿನ ಐತಿ. ಕಾಗದ ಹೋಗಾಕ ಐದು, ಬರಾಕ ಐದು."

ಅಯ್ಯನವರು ಬೆರಳು ಮಡಿಚಿ ಲೆಕ್ಕ ಹಾಕಿದರು. ಅವರ ಮುಖ ಬಾಡಿತು. "ನೀ ಇದನ್ನ ಮೊದಲ ಹೇಳಬೇಕಿತ್ತು," ಎಂದರು.

"ನೀವು ಮೊದಲ ಬರೀಬೇಕಿತ್ತು."

ಅವತ್ತು ಬರೆದ ಇನ್‌ಲ್ಯಾಂಡ್ ಕಾಗದದಂಥದ್ದನ್ನು ಗುರುಪಾದಯ್ಯ ತಮ್ಮ ಜನ್ಮದಲ್ಲಿ ಬರೆದಿರಲಿಲ್ಲ. ನಾಲ್ಕು ತಿಂಗಳ ಊಟ ಒಂದೇ ಹಾಳೆಯಲ್ಲಿ ಇಳಿಯಬೇಕಿತ್ತು. ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣವಾದವು. ಅಂಚಿಗೆ ಬಂದ ಮೇಲೆ ಕಾಗದ ತಿರುಗಿಸಿ ಸುತ್ತಲೂ ಬರೆದರು. ಬಸಲಿಂಗಮ್ಮ ಹೇಳಿದಳು, ಹೇಳಿದಳು, ನೀರು ಕುಡಿದು ಮತ್ತೆ ಹೇಳಿದಳು. ಕಡಬು, ಗಿಣ್ಣ, ವಡೆ, ಎಣಗಾಯಿ. ನೆಂಟರು ಬಂದಾಗ ಮಾಡಿದ ಶಾವಿಗೆ ಪಾಯಸ. ಏಕಾಂತಪ್ಪನ ಹೆಂಡತಿ ಕಳಿಸಿದ ಸಪ್ಪೆ ಹಪ್ಪಳ. ಕೊನೆಗೆ ತನ್ನ ಮನೆಯಲ್ಲಿ ನೆನಪಾಗುವುದೆಲ್ಲ ಮುಗಿದು, ಕಾಗದದ ಅಂಟು ಹಚ್ಚುವ ಜಾಗದ ಪಕ್ಕ ಇನ್ನೊಂದು ಸಾಲು ಉಳಿದಿತ್ತು.

"ಜಾಗ ಯಾಕ ಖಾಲಿ ಬಿಡೂದು. ಹಿತ್ತಲ ಹುಲುಗಮ್ಮ ಮೊನ್ನೆ ಪುಂಡಿ ಸೊಪ್ಪು ಗ್ವಾಡಿ ಮ್ಯಾಲಿಂದ ಕೊಟ್ಲು, ಆಕೀನೂ ಆಕಿ ಮನ್ಯಾಗ ತೊಕ್ಕು ಕುಟ್ಟಿದ್ಲು ಅಂತ ಬರೀರಿ."

ಬರೆದರು. ಅಯ್ಯನವರು ತಾವೇ ನಡೆದುಹೋಗಿ ಪೋಸ್ಟಿಗೆ ಹಾಕಿ ಬಂದರು.

ಆಮೇಲೆ ಬಸಲಿಂಗಮ್ಮನಿಗೆ ಕಾಯುವ ಕೆಲಸ. ಈ ಹನ್ನೆರಡು ದಿನದಲ್ಲಿ ಆಕೆ ಓಣಿಯ ಒಲೆಗಳ ಕಡೆ ಗಮನ ಕೊಡಲೇ ಇಲ್ಲ. ಗಂಟಿಗೆ ಏನೂ ಇಲ್ಲದಿರುವುದು ಬೇಡವೆಂದು ಕರ್ಚಿಕಾಯಿ ಕರಿದಿಟ್ಟಳು, ಕೊಬ್ಬರಿ ಚಟ್ನಿ ಕುಟ್ಟಿಟ್ಟಳು, ಇವು ಬಯಕೆಯಲ್ಲ ಬರಿಯ ತಿಂಡಿ ಎಂದು ಪಕ್ಕಕ್ಕೆ ಸರಿಸಿದಳು. ಹತ್ತು ದಿನ ಕಳೆಯಿತು, ಹನ್ನೊಂದು ಕಳೆಯಿತು. ಏಕಾಂತಪ್ಪ ಬಂದು, "ಅತ್ತಿಗಿ, ಗುರುವಾರ ಸಂಜಿ ಗಾಡಿ. ಗಂಟು ತಯ್ಯಾರು ಇರ್ಲಿ," ಎಂದು ಹೇಳಿ ಹೋದ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಪೋಸ್ಟಿನವನು ಕಾಗದ ಕೊಟ್ಟ.

ಗುರುಪಾದಯ್ಯ ಪೂಜೆಯ ಅರ್ಧದಲ್ಲೇ ಎದ್ದು ಬಂದಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಮಾಂತಿಯ ಕಾಗದ ಈ ಸಲ ಹಬ್ಬದಂತಿತ್ತು. ಎಲ್ಲದಕ್ಕೂ ಉತ್ತರವಿತ್ತು. ಅಪ್ಪ ಐದು ಕಡಬು ತಿಂದದ್ದಕ್ಕೆ ನಕ್ಕಿದ್ದಳು. ಆಯಿಗೆ ವಡೆ ನೆನೆಸಿ ಕೊಟ್ಟದ್ದು ಒಳ್ಳೆಯದಾಯಿತು ಅಂದಿದ್ದಳು. ಗಿಣ್ಣ ಓಣಿಗೆಲ್ಲ ಹಂಚಿ ನಿನಗೆ ಉಳಿಯಿತೋ ಇಲ್ಲವೋ ಎಂದು ಕೇಳಿದ್ದಳು. ಪ್ರತಿಯೊಂದಕ್ಕೂ ಒಂದೊಂದು ಸಾಲು, ಅಷ್ಟೇ. ಬಸಲಿಂಗಮ್ಮ ಬೆರಳಿನಲ್ಲಿ ಎಣಿಸುತ್ತ ಹೋದಳು. ಯಾವುದಕ್ಕೂ ಎರಡನೇ ಸಾಲು ಇರಲಿಲ್ಲ.

ಆಮೇಲೆ ಅಯ್ಯನವರು ಓದಿದರು: "ಹುಲುಗಮ್ಮ ತೊಕ್ಕು ಕುಟ್ಟಿದ್ಲು ಅಂತ ಬರಸೀದಿ. ಎಷ್ಟು ಕುಟ್ಟಿದ್ಲು? ಕೆಂಪು ದಂಟಿನ ಪುಂಡಿನೋ, ಬಿಳಿದೋ? ಈ ವರ್ಷ ಕುಸುಬಿ ಎಣ್ಣಿ ಸಿಕ್ಕಿತ್ತೇನು ಆಕಿಗೆ? ಶೇಂಗಾ ಎಣ್ಣಿ ಹಾಕಿದ್ರ ಆ ಒಗರು ಬರಂಗಿಲ್ಲ. ಬಳ್ಳೊಳ್ಳಿ ಸಿಪ್ಪಿ ಸಮೇತ ಜಜ್ಜಿ ಹಾಕ್ತಾಳ ಆಕಿ, ಮೆಂತೇವು ಕರ್ರಗ ಆಗೋ ತನಕ ಹುರೀತಾಳ. ಗಡಿಗಿ ಬಾಯಿಗೆ ಅರಿವಿ ಕಟ್ಟಿ ಮೂರು ದಿನ ಯಾರಿಗೂ ಮುಟ್ಟಾಕ ಬಿಡಂಗಿಲ್ಲ. ಆಕಿಗೆ ನಾ ಕೇಳಿದೆ ಅಂತ ಹೇಳು. ಬರೇ ಕೇಳಿದೆ ಅಂತ ಹೇಳು, ಮತ್ತೇನಿಲ್ಲ."

ಅಯ್ಯನವರು ನಿಲ್ಲಿಸಿದರು. ಬಸಲಿಂಗಮ್ಮ ಎಣಿಸುತ್ತಿದ್ದ ಬೆರಳು ಹಾಗೇ ನಿಂತಿತ್ತು.

ಹುಲುಗಮ್ಮ ಹಿತ್ತಲ ಗೋಡೆಯ ಆಚೆಯವಳು. ಪೆದ್ದಕಡುಬೂರಿನಿಂದ ಬಂದು ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿಯ ಕಸ ಆರಿಸುವ ಕೆಲಸಕ್ಕೆ ಸೇರಿದ ಒಂಟಿ ಹೆಂಗಸು, ತೆಲುಗು ಬೆರೆಸಿ ಮಾತಾಡುವವಳು. ಅವಳ ಮನೆಯಲ್ಲಿ ಕೋಳಿ ಬೇಯುತ್ತಿತ್ತು, ಕುರಿ ಬೇಯುತ್ತಿತ್ತು. ಬಸಲಿಂಗಮ್ಮನದು ಲಿಂಗ ಕಟ್ಟಿದ ಮನೆ. ಇಬ್ಬರಿಗೂ ಮಾತಿಗೆ ಕೊರತೆಯಿರಲಿಲ್ಲ. ಆದರೆ ಆ ಗೋಡೆಗೆ ಒಂದು ಕಟ್ಟಳೆ ಇತ್ತು. ಈ ಕಡೆಯಿಂದ ಬೇಯಿಸಿದ್ದು ಆ ಕಡೆ ಹೋಗಬಹುದು. ಆ ಕಡೆಯಿಂದ ಸೊಪ್ಪು, ಮೆಣಸಿನಕಾಯಿ, ಹುಣಸೆಹಣ್ಣು ಬರಬಹುದು, ಬೇಯಿಸಿದ್ದು ಬರುವಂತಿಲ್ಲ. ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದಿರಲಿಲ್ಲ. ಅಂದರೆ, ಮುರಿದಿರಲಿಲ್ಲ ಎಂದು ಬಸಲಿಂಗಮ್ಮ ಇಲ್ಲಿಯವರೆಗೆ ತಿಳಿದಿದ್ದಳು.

ಗುರುಪಾದಯ್ಯ ಕಾಗದವನ್ನು ನಿಧಾನವಾಗಿ ಮಡಿಚಿದರು. ಅವರಿಗೂ ತಿಳಿಯದ್ದೇನಲ್ಲ. ಮೂವತ್ತು ವರ್ಷ ಮಕ್ಕಳ ಸುಳ್ಳು ಓದಿದವರು. "ಓದೂದು ನನ್ನ ಕೆಲಸ. ಓದೀನಿ," ಎಂದು ಎದ್ದರು. "ಪೂಜಿ ಅರ್ಧಕ್ಕ ಬಿಟ್ಟು ಬಂದೀನಿ." ಬಸಲಿಂಗಮ್ಮನ ಮುಖ ನೋಡದೆ ಹೊರಟುಹೋದರು.

ಬಸಲಿಂಗಮ್ಮ ಹಿತ್ತಲಿಗೆ ಹೋದಳು. ಕಲ್ಲಿನ ಮೇಲೆ ಹತ್ತಿ ಗೋಡೆಯಾಚೆ ಇಣುಕಿದರೆ ಹುಲುಗಮ್ಮ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಗುರುವಾರ ಅವಳ ಪಾಳಿ ಮಧ್ಯಾಹ್ನದ ಮೇಲೆ.

"ಹುಲುಗಮ್ಮ, ನಮ್ಮ ಮಾಂತಿ ಕಾಗದ ಬಂದೈತಿ."

"ಹೌದೇನಮ್ಮಾ? ಎಂಗೈತಿ ಹುಡುಗಿ, ನಮ್ಮ ತಲ್ಲಿ? ಕಾಲು ಗೀಲು ಬಾತಾವೇನು?"

"ನೀ ಮೆಂತೇವು ಕರ್ರಗ ಹುರೀತಿ ಅಂತ ಬರದಾಳ."

ಹುಲುಗಮ್ಮನ ಕೈಯಲ್ಲಿದ್ದ ಮೆಣಸಿನಕಾಯಿ ಮುರಿಯದೆ ಉಳಿಯಿತು. ಆಮೇಲೆ ಮೊರವನ್ನು ಕೆಳಗಿಟ್ಟು ಎದ್ದು ನಿಂತಳು. ತಪ್ಪು ಮಾಡಿದವರು ನಿಲ್ಲುವ ಹಾಗೆ.

"ನಾ ಕೊಡ್ಲಿಲ್ಲಮ್ಮಾ. ದೇವರ ಆಣಿ. ಆಕೀನ ಬಟ್ಟು ಅದ್ದಿದ್ಲು."

"ಯಾವಾಗ?"

"ನೀವು ಮಧ್ಯಾಹ್ನ ಒಂದೀಟು ಅಡ್ಡ ಆಗ್ತಿದ್ರಲ್ಲ, ಅವಾಗ. ಈ ಕಲ್ಲಿನ ಮ್ಯಾಗೇ ಹತ್ತಿ ಬರ್ತಿತ್ತು ಹುಡುಗಿ. ಬ್ಯಾಡ ತಲ್ಲಿ, ನಿಮ್ಮಮ್ಮ ನನ್ನ ಕೊಲ್ತಾಳ ಅಂದೆ. ಗಡಿಗಿ ಮುಚ್ಚಿಟ್ಟೆ. ಅದು ಒಳ್ಳಾಗ ಅಂಟಿದ್ದನ್ನೇ ಕೆರಕೊಂಡು ತಿಂತಿತ್ತು. ಎಂಟು ವರ್ಷದ ಕೂಸು, ಏನು ಹೇಳ್ಲಿ?"

"ಎಷ್ಟು ದಿನ ಹಂಗ?"

ಹುಲುಗಮ್ಮ ನೆಲ ನೋಡಿದಳು. "ಮದಿವಿ ಆಗೋ ತನಕ."

ಬಸಲಿಂಗಮ್ಮ ಲೆಕ್ಕ ಹಾಕಿದಳು. ಎಂಟರಿಂದ ಹದಿನೇಳು. ಒಂಬತ್ತು ವರ್ಷ ತಾನು ಓಣಿಯ ತುದಿಯ ಮನೆಯಲ್ಲಿ ಯಾರು ಎಷ್ಟು ರೊಟ್ಟಿ ತಿಂದರು ಎಂದು ಹೇಳಬಲ್ಲವಳಾಗಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು ತನ್ನ ಹಿತ್ತಲಲ್ಲೇ ಬೆರಳು ನೆಕ್ಕುತ್ತಿದ್ದದ್ದು ಈ ಮೂಗಿಗೆ ಬಂದಿರಲಿಲ್ಲ. ಸಿಟ್ಟು ಬರಬೇಕಿತ್ತು. ಆಕೆ ಕಾದಳು, ಬರಲಿಲ್ಲ. ಅದರ ಬದಲು ಹಳೆಯ ತುರಿಕೆಯೊಂದು ಎದ್ದಿತು: ಏನಿತ್ತು ಆ ತೊಕ್ಕಿನಲ್ಲಿ?

"ಗಡಿಗ್ಯಾಗ ಇನ್ನೂ ಐತೇನು?"

"ಐತಿ. ಯಾಕಮ್ಮಾ?"

"ಸಂಜಿ ಗಾಡಿಗೆ ಏಕಾಂತಪ್ಪ ಹೊಂಟಾನ. ಕುಬಸದ ಗಂಟಿನ್ಯಾಗ ಇಡಬೇಕು. ಬಯಕಿ ಅದು ಆಕಿದು."

ಹುಲುಗಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ನಮ್ಮ ಮನೀದಾ? ಕುಬಸಕ್ಕಾ? ವದ್ದಮ್ಮಾ, ಬ್ಯಾಡ. ನಾಳಿ ಬೀಗರಿಗೆ ಗೊತ್ತಾತಂದ್ರ ಹುಡುಗೀನ ಏನಂತಾರ? ನಿಮ್ಮ ಅಯ್ಯಾರು ಸುಮ್ನಿರ್ತಾರಾ? ಗಂಡು ಕೂಸಿಗೋ ಹೆಣ್ಣು ಕೂಸಿಗೋ ಏನಾದ್ರೂ ಆದ್ರ ಹುಲುಗಮ್ಮನ ತೊಕ್ಕಿಂದ ಆತು ಅಂತೀರಿ. ನಾ ಇಲ್ಲೇ ಬಾಳ್ವಿ ಮಾಡಬೇಕು."

ಅದು ಸುಳ್ಳಲ್ಲ ಎಂದು ಬಸಲಿಂಗಮ್ಮನಿಗೂ ಗೊತ್ತಿತ್ತು. ಕಾರ್ಖಾನೆಯ ಹನ್ನೊಂದರ ಸೈರನ್ ಕೂಗಿತು.

ದಾರಿ ಹುಡುಕಿದ್ದು ಹುಲುಗಮ್ಮನೇ. "ಒಂದು ಕೆಲಸ ಮಾಡ್ರಿ. ನನ್ನ ಹತ್ರ ಒಣಗಿಸಿದ ಪುಂಡಿ ಎಲಿ ಐತಿ, ಕುಸುಬಿ ಎಣ್ಣಿ ಐತಿ. ಎಲ್ಲಾ ಹಸೀವು, ಬೇಸಿದ್ದು ಒಂದೂ ಇಲ್ಲ. ಕೊಡ್ತೀನಿ. ನಿಮ್ಮ ಒಲಿ, ನಿಮ್ಮ ಒಳ್ಳು, ನಿಮ್ಮ ಕೈ. ನಾ ಇಲ್ಲಿಂದ ಹೇಳ್ತೀನಿ. ಅವಾಗ ಅದು ನಿಮ್ಮನಿ ತೊಕ್ಕು."

ಬಸಲಿಂಗಮ್ಮನಿಗೆ ಜೀವ ಬಂದಂತಾಯಿತು. ಹಿತ್ತಲಲ್ಲೇ ಮೂರು ಕಲ್ಲು ಇಟ್ಟು ಒಲೆ ಹೂಡಿದಳು. ಗೋಡೆಯ ಮೇಲಿಂದ ಎಲೆ ಬಂತು, ಎಣ್ಣೆ ಬಂತು, ಬೆಳ್ಳುಳ್ಳಿ ಬಂತು. ಹುಲುಗಮ್ಮ ಆ ಕಡೆ ಕಲ್ಲು ಹತ್ತಿ ಗಲ್ಲವನ್ನು ಗೋಡೆಗೆ ಊರಿ ನಿಂತಳು.

"ಎಣ್ಣಿ ಹೊಗಿ ಆಡ್ಲಿ. ಇನ್ನೂ. ಇನ್ನೂ ಚೂರು. ಈಗ ಎಲಿ ಹಾಕ್ರಿ."

"ಹೊತ್ತತಾವ ಹುಲುಗಿ."

"ಹೊತ್ತಂಗಿಲ್ಲ. ಮೆಂತೇವು ಇನ್ನೂ ಹುರೀರಿ. ಕರ್ರಗ."

"ಕಹಿ ಆಗತೈತಲ್ಲ."

"ಆಗ್ಲಿ ಬಿಡ್ರಿ."

ಒಳಗಿನಿಂದ ಅತ್ತೆ ಕೂಗಿದಳು, "ಯಾರಿಗೆ ಹೇಳಾಕತ್ತೀಯ, ಏನು ಸುಡಾಕತ್ತೀಯ?" ಬಸಲಿಂಗಮ್ಮ ಓಡಿಹೋಗಿ ಅತ್ತೆಯನ್ನು ಮಗ್ಗುಲು ಹೊರಳಿಸಿ, ಏನೂ ಇಲ್ಲ ಎಂದು ಹೇಳಿ, ಓಡಿ ಬಂದಳು. ಒರಳಿನಲ್ಲಿ ಕುಟ್ಟಿದಳು. ಬೆಳ್ಳುಳ್ಳಿ ಸಿಪ್ಪೆ ಸಮೇತ ಜಜ್ಜಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ತೊಕ್ಕು ಮುಗಿಯಿತು. ಬೆರಳ ತುದಿಗೆ ತೆಗೆದುಕೊಂಡು ನಾಲಿಗೆಗೆ ಇಟ್ಟಳು.

ಚೆನ್ನಾಗಿತ್ತು. ಹುಳಿ ಇತ್ತು, ಖಾರ ಇತ್ತು. ಆದರೆ ಇದು ತಾನು ಮೂವತ್ತು ವರ್ಷದಿಂದ ಮಾಡುತ್ತ ಬಂದ ತೊಕ್ಕೇ. ಸ್ವಲ್ಪ ಸುಟ್ಟ ವಾಸನೆ ಬೇರೆ, ಅಷ್ಟೇ. ಇದೇ ಮಾಂತಿಗೆ ಬೇಕಾದದ್ದೋ ಅಲ್ಲವೋ ಎಂದು ಹೇಳುವುದು ಹೇಗೆ? ಅದನ್ನು ತಿಂದವಳು ಸಾವಿರ ಮೈಲಿ ದೂರ ಇದ್ದಳು. ಹೇಳಿಕೊಟ್ಟ ಹುಲುಗಮ್ಮ ಬಾಯಿಬಿಟ್ಟು ಚೆನ್ನಾಗಿಲ್ಲ ಎನ್ನುತ್ತಾಳೆಯೇ? ಇದೇ ಅಂದುಕೊಂಡು ಕಳಿಸಿ, ಅದಾಗಿರದಿದ್ದರೆ? ಎಲೆಯ ಮೇಲೆ ಬಡಿಸಿದ್ದನ್ನು ಮಾಂತಿ ಬಾಯಿಗಿಟ್ಟು ಏನೂ ಅನ್ನದೆ ನುಂಗುತ್ತಾಳೆ. ತನ್ನ ಮಗಳಲ್ಲವೇ. ತಾನೂ ಹಸಿಕಡಲೆಕಾಯಿಯ ಹೆಸರೆತ್ತದೆ ನುಂಗಿದವಳೇ.

"ಹುಲುಗಿ, ನಿಂದು ಒಂದು ಚೂರು ಕೊಡಿಲ್ಲಿ."

"ಏನು?"

"ಗಡಿಗ್ಯಾಗಿಂದು. ನೋಡಬೇಕು."

"ಅಮ್ಮಾರ, ಅದು ಬೇಸಿದ್ದು."

"ಗೊತ್ತೈತಿ ಕೊಡು."

ಹುಲುಗಮ್ಮ ಆಕೆಯನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ, ಮುತ್ತುಗದ ಎಲೆಯ ಮೇಲೆ ನೆಲ್ಲಿಕಾಯಿಯಷ್ಟು ತೊಕ್ಕು ತಂದು ಗೋಡೆಯ ಮೇಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು. ಬಸಲಿಂಗಮ್ಮ ಓಣಿಯ ಕಡೆ ಒಂದು ಸಲ ತಿರುಗಿ ನೋಡಿದಳು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಸರಿಸಿದಳು. ಬೆರಳು ಅದ್ದಿ ನಾಲಿಗೆಗೆ ಹಚ್ಚಿದಳು.

ಮೊದಲು ಹುಳಿ. ಆಮೇಲೆ ಒಗರು. ಆಮೇಲೆ ಎಲ್ಲಿಂದಲೋ ನಿಧಾನವಾಗಿ ಕಹಿ ಬಂದು, ಆ ಕಹಿಯ ಬೆನ್ನಿಗೇ ಬಾಯಿ ತುಂಬ ನೀರು ಬಂತು. ಆಕೆ ಕಣ್ಣು ಮುಚ್ಚಿದಳು. ಬೆರಳನ್ನು ಇನ್ನೊಮ್ಮೆ ಅದ್ದಿದಳು. ಎಲೆ ಖಾಲಿಯಾದದ್ದು ಆಮೇಲೆ ಗೊತ್ತಾಯಿತು.

"ಇದು ಬ್ಯಾರೆ," ಎಂದಳು.

"ಬ್ಯಾರೆ," ಎಂದು ಹುಲುಗಮ್ಮ ಒಪ್ಪಿಕೊಂಡಳು, ಮೆಲ್ಲಗೆ.

ಬಸಲಿಂಗಮ್ಮ ಒಳಗೆ ಹೋಗಿ ಪಿಂಗಾಣಿ ಜಾಡಿ ತಂದು ಗೋಡೆಯ ಮೇಲಿಟ್ಟಳು. "ತುಂಬು. ಬೀಗರು ಕೇಳಿದ್ರ ಬಸಲಿಂಗಮ್ಮ ಕೊಟ್ಟು ಕಳಿಸ್ಯಾಳ ಅಂತ ಏಕಾಂತಪ್ಪ ಹೇಳ್ತಾನ, ಕಳಿಸಿದ್ದು ನಾನ. ಯಾರಿಗಾದ್ರೂ ಏನಾದ್ರೂ ಆದ್ರ ನನ್ನ ಕೇಳ್ಲಿ. ನಾನೂ ತಿಂದೀನಿ."

ಹುಲುಗಮ್ಮ ಜಾಡಿ ಎತ್ತಿಕೊಂಡು ಒಳಗೆ ಹೋದಳು. ಬರುವಾಗ ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮೇಲೆ ಮೇಣ ಹಚ್ಚಿದ್ದಳು. ಕಣ್ಣು ಒದ್ದೆಯಾಗಿದ್ದರೂ ಅದಕ್ಕೆ ಮೆಣಸಿನಕಾಯಿಯ ನೆಪ ಸಿದ್ಧವಾಗಿತ್ತು. "ಮೂರು ದಿನ ಅಲುಗಾಡಬಾರ್ದು ಅಂತ ಹೇಳ್ರಿ ಏಕಾಂತಪ್ಪಗ," ಎಂದಳು.

ಮುಂಬಾಗಿಲಲ್ಲಿ ಜಟಕಾ ಬಂದು ನಿಂತ ಸದ್ದಾಯಿತು. "ಅತ್ತಿಗಿ, ಗಂಟು ಕೊಡ್ರಿ, ಗಾಡಿ ಹೊತ್ತಾತು," ಎಂದು ಏಕಾಂತಪ್ಪ ಹೊರಗಿನಿಂದಲೇ ಕೂಗಿದ. ಬಸಲಿಂಗಮ್ಮ ಜಾಡಿಯನ್ನು ಹಸಿರು ಸೀರೆಯ ಮಡಿಕೆಯಲ್ಲಿ ಕೂರಿಸಿ, ಬಳೆಗಳನ್ನು ಆ ಕಡೆ ಸರಿಸಿ, ಗಂಟು ಕಟ್ಟಿ ಕೊಟ್ಟು, ಅಲುಗಾಡಿಸಬೇಡ ಎಂದು ನಾಲ್ಕು ಸಲ ಹೇಳಿ, ಜಟಕಾ ತಿರುವು ದಾಟುವವರೆಗೆ ನಿಂತಳು.

ಆಮೇಲೆ ಹಿತ್ತಲಿಗೆ ಬಂದಳು. ತಾನು ಕುಟ್ಟಿದ ತೊಕ್ಕು ಇನ್ನೂ ಒರಳಿನಲ್ಲೇ ಇತ್ತು. ಅದನ್ನು ಬಟ್ಟಲಿಗೆ ತುಂಬಿ ಕಲ್ಲು ಹತ್ತಿದಳು. ಹುಲುಗಮ್ಮ ಕಾರ್ಖಾನೆಗೆ ಹೋಗದೆ ಅಲ್ಲೇ ನಿಂತಿದ್ದಳು.

"ನನ್ನ ಕೈಯಿಂದು ಇಷ್ಟು ವರ್ಷ ಉಂಡೀದಿ. ಒಂದಿನಾನೂ ಬಾಯಿ ಬಿಟ್ಟಿಲ್ಲ. ಈಗ ನೆಕ್ಕಿ ಹೇಳು. ಎಲೀನೂ ನಿಂದು, ಎಣ್ಣೀನೂ ನಿಂದು, ನೀ ಹೇಳಿದಂಗನ ಮಾಡೀನಿ. ಎಲ್ಲಿ ತಪ್ಪತು?"

ಹುಲುಗಮ್ಮ ಬೆರಳು ಅದ್ದಿ ನೆಕ್ಕಿದಳು. ಆಕಾಶ ನೋಡಿದಳು. ಇನ್ನೊಮ್ಮೆ ನೆಕ್ಕಿದಳು.

"ಉಪ್ಪು ಸರಿ ಐತಮ್ಮಾ."

"ಉಪ್ಪು ಸರಿ ಇದ್ದದ್ದು ನನಗೂ ಗೊತ್ತೈತಿ."

"ಸಿಟ್ಟಾಗಂಗಿಲ್ಲಲ್ಲ?"

"ಆಗಂಗಿಲ್ಲ, ಹೇಳು."

ಹುಲುಗಮ್ಮ ಸೀರೆ ಎತ್ತಿ ಕಟ್ಟಿ, ಗೋಡೆಯ ಮೇಲೆ ಎರಡೂ ಮೊಣಕೈ ಊರಿ ಆರಾಮವಾಗಿ ನಿಂತಳು. "ಎಲಿ ಬೆಂದ ಕೂಡಲೇ ಕುಟ್ಟಿದ್ರಿ. ನಾ ನಿಲ್ಸಬೇಕಂತ ಬಾಯಿಗೆ ಬಂದಿತ್ತು, ಗಾಡಿ ಹೊತ್ತಾಗತೈತಿ ಅಂತ ಸುಮ್ನಾದೆ. ಅದು ಆರಬೇಕಮ್ಮಾ. ಬಾಂಡ್ಲಿ ಒಲಿ ಮ್ಯಾಗಿಂದ ಇಳಿಸಿ ಒಂದು ಹೊತ್ತು ಹಂಗೇ ಬಿಡಬೇಕು. ನಾ ಕೆಲಸಕ್ಕ ಹೋಗಿ ಬರ್ತೀನಲ್ಲ, ಅಷ್ಟೊತ್ತು. ಆಮ್ಯಾಲೆ ಮೆಂತೇವು..."

"ನಿಂದರು, ನಿಂದರು," ಎಂದು ಬಸಲಿಂಗಮ್ಮ ಇನ್ನೊಂದು ಕಲ್ಲು ಎಳೆದು ತಂದು, ಅದರ ಮೇಲೆ ಹತ್ತಿ, ಗೋಡೆಗೆ ಸರಿಯಾಗಿ ಆತುಕೊಂಡು ನಿಂತಳು. "ಈಗ ಮೊದಲಿಂದ ಹೇಳು."